ಕೊಡಗಿನ ಮನೆಯಂಗಳದಲ್ಲಿ ಕಡಿಮೆ ಖರ್ಚಿನ ಕೈತೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಸುತ್ತಮುತ್ತ ಐದಾರು ಸೆಂಟ್ ಜಾಗದಲ್ಲಿ ಮನೆ ಕಟ್ಟಿಕೊಂಡು, ಉಳಿದ ಅಂಗಳದಲ್ಲಿ ಮನೆಮಂದಿಗೆಲ್ಲ ಉಪಯೋಗವಾಗುವ ತೋಟ ಮಾಡಬೇಕು ಎಂದುಕೊಂಡವರು ಕೇಳುವ ಪ್ರಶ್ನೆಗಳಿವು. ಬಯಲುಸೀಮೆಗೆ ಹೊಂದುವ ಸಲಹೆಗಳು ಇಲ್ಲಿನ ಜುಲೈ ತಿಂಗಳಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿನ ಮಳೆ, ಇಲ್ಲಿನ ಮಣ್ಣು, ಇಲ್ಲಿನ ಇಳಿಜಾರು ಇವನ್ನು ಮುಂದಿಟ್ಟುಕೊಂಡೇ ಉತ್ತರಿಸಿದ್ದೇನೆ.

ಮನೆ ಕಟ್ಟಿ ಮುಗಿದಿದೆ. ಎದುರಿಗೆ ಒಂದೂವರೆ ಸೆಂಟ್ ಖಾಲಿ ಇದೆ. ಮೊದಲು ಯಾವ ಗಿಡ ನೆಡಬೇಕು?

ಮೊದಲು ಗಿಡ ನೆಡಬೇಡಿ. ಒಂದು ಜೋರು ಮಳೆ ಬರುವವರೆಗೆ ಕಾದು, ಕೊಡೆ ಹಿಡಿದು ಅಂಗಳದಲ್ಲಿ ಕಾಲು ಗಂಟೆ ನಿಲ್ಲಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಮೇಲಿನ ಮನೆಯ ನೀರು ಯಾವ ಮೂಲೆಯಿಂದ ನುಗ್ಗುತ್ತದೆ, ಎಲ್ಲಿ ಮಡುಗಟ್ಟುತ್ತದೆ, ಎಲ್ಲಿ ಮಣ್ಣನ್ನು ಕೊರೆಯುತ್ತ ಹೋಗುತ್ತದೆ ಎಂಬುದನ್ನು ನೋಡಿ, ಅಲ್ಲಲ್ಲಿ ಒಂದೊಂದು ಗೂಟ ಹೊಡೆಯಿರಿ. ನಿಮ್ಮ ತೋಟದ ಅರ್ಧ ನಕ್ಷೆ ಅಲ್ಲಿಗೆ ಸಿದ್ಧವಾಯಿತು.

ಇದು ಏಕೆ ಮುಖ್ಯ ಎನ್ನುವುದಕ್ಕೆ ಸಣ್ಣ ಲೆಕ್ಕವೊಂದಿದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದೂವರೆ ಸೆಂಟ್ ಎಂದರೆ ಸುಮಾರು 650 ಚದರ ಅಡಿ, ಅಂದರೆ ಹೆಚ್ಚುಕಡಿಮೆ 60 ಚದರ ಮೀಟರ್. ದಿನಕ್ಕೆ 100 ಮಿ.ಮೀ. ಸುರಿಯುವ ಮಳೆ ಮಡಿಕೇರಿಯವರಿಗೆ ಹೊಸದೇನಲ್ಲ. ಅಂಥ ದಿನ ಆ ಪುಟ್ಟ ಅಂಗಳದ ಮೇಲೆ 6,000 ಲೀಟರ್ ನೀರು ಬೀಳುತ್ತದೆ. ಸೂರಿನಿಂದ ಇಳಿಯುವುದು ಬೇರೆ. ಈ ನೀರಿಗೆ ಹೋಗಲು ದಾರಿ ಇಲ್ಲದಿದ್ದರೆ ನೀವು ಹಾಕಿದ ಗೊಬ್ಬರ, ಬಿತ್ತಿದ ಬೀಜ, ಖರ್ಚು ಮಾಡಿದ ಹಣ ಎಲ್ಲವೂ ಅದರ ಜೊತೆಯಲ್ಲೇ ರಸ್ತೆಗೆ ಹೋಗುತ್ತವೆ.

ಕುಶಾಲನಗರದ ಕಡೆಯವರಿಗೆ ಮಳೆ ಮಡಿಕೇರಿಯ ಅರ್ಧದಷ್ಟೂ ಇಲ್ಲ. ಅವರಿಗೆ ಚರಂಡಿಗಿಂತ ಬೇಸಿಗೆಯ ನೀರಿನ ಚಿಂತೆಯೇ ದೊಡ್ಡದು. ಭಾಗಮಂಡಲದ ಕಡೆಯವರದು ಇದಕ್ಕೆ ಪೂರ್ತಿ ವಿರುದ್ಧ. ಒಂದೇ ಜಿಲ್ಲೆ ಎಂದು ನೆಂಟರ ಮನೆಯ ತೋಟವನ್ನು ಹಾಗೆಯೇ ನಕಲು ಮಾಡಬೇಡಿ.

ಹತ್ತು ಸಾವಿರ ರೂಪಾಯಿಯಲ್ಲಿ ತೋಟ ಆಗುತ್ತದೆಯೇ?

ಮನೆಯವರೇ ಕೈ ಮಣ್ಣು ಮಾಡಿಕೊಂಡರೆ ಆಗುತ್ತದೆ. ನಾನು ಹೇಳುವ ಹಂಚಿಕೆ ಹೀಗೆ: ಚರಂಡಿಗೂ ನಡೆಯುವ ದಾರಿಗೂ 3,500, ಮಣ್ಣು ಮತ್ತು ಗೊಬ್ಬರಕ್ಕೆ 3,000, ಒಳ್ಳೆಯ ಹತ್ಯಾರುಗಳಿಗೆ 1,500, ಗಿಡ–ಬೀಜಕ್ಕೆ 1,500, ಕೈಯಲ್ಲಿ 500. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ನರ್ಸರಿಯಲ್ಲಿ ಹೂ ಬಿಟ್ಟ ಗಿಡಗಳನ್ನು ಕಂಡು ಮೊದಲ ದಿನವೇ ಹಣವನ್ನೆಲ್ಲ ಅಲ್ಲಿ ಸುರಿದು, ಅವುಗಳನ್ನು ಕಟ್ಟಡದ ಕಸ ತುಂಬಿದ ನೆಲದಲ್ಲಿ ಹೂಳುತ್ತಾರೆ. ಕೊಡಗಿನಲ್ಲಿ ಗಿಡ ಪುಕ್ಕಟೆ ಸಿಗುತ್ತದೆ. ಸಿಗದಿರುವುದು ಒಳ್ಳೆಯ ಮಣ್ಣು ಮತ್ತು ನೀರು ಬಸಿಯುವ ನೆಲ. ಹಣ ಅಲ್ಲಿಗೆ ಹೋಗಲಿ.

ಹತ್ಯಾರು ಎಂದರೆ ಗುದ್ದಲಿ, ಹಾರೆ, ಕತ್ತಿ, ಕೈಗುದ್ದಲಿ, ಒಂದು ಕತ್ತರಿ. ಅಗ್ಗದ ಕತ್ತರಿ ರೆಂಬೆಯನ್ನು ಜಜ್ಜುತ್ತದೆ, ಜಜ್ಜಿದ ಜಾಗದಿಂದಲೇ ಕೊಳೆ ಶುರುವಾಗುತ್ತದೆ. ಅದೊಂದಕ್ಕೆ ಮಾತ್ರ ಜಿಪುಣತನ ಬೇಡ.

ಆಳು ಕರೆಯುವುದಾದರೆ ಲೆಕ್ಕವೇ ಬದಲಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲಿನ ಭರದಲ್ಲಿ ಯಾರೂ ಸಿಗುವುದಿಲ್ಲ. ಅಗೆಯುವ ಕೆಲಸವಿದ್ದರೆ ಮಾರ್ಚ್–ಏಪ್ರಿಲ್‌ಗೆ ಇಟ್ಟುಕೊಳ್ಳಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಮಣ್ಣೂ ಮೆತ್ತಗಿರುತ್ತದೆ.

ನಕ್ಷೆ ಬರೆಯಲು ಯಾರನ್ನಾದರೂ ಕರೆಸಬೇಕೇ?

ಬೇಡ. ಮಕ್ಕಳ ಚೌಕುಳಿ ಪುಸ್ತಕದ ಒಂದು ಹಾಳೆ ಸಾಕು. ಒಂದು ಚೌಕ ಒಂದು ಅಡಿ ಎಂದಿಟ್ಟುಕೊಂಡು ಮನೆ, ಬಾವಿ, ಶೌಚಗುಂಡಿ, ಸೂರಿನ ನೀರು ಬೀಳುವ ಗೆರೆ, ಗೂಟ ಹೊಡೆದ ಜಾಗಗಳನ್ನು ಗುರುತಿಸಿ. ಆಮೇಲೆ ಮನೆಯ ಒಬ್ಬೊಬ್ಬರನ್ನೂ ಕರೆದು ಅವರಿಗೆ ಏನು ಬೇಕು ಎಂದು ಕೇಳಿ. ಅಜ್ಜಿಗೆ ಬೆಳಗಿನ ಬಿಸಿಲಿಗೆ ಕೂರಲು ಒಂದು ಕಲ್ಲುಬೆಂಚು ಮತ್ತು ಪೂಜೆಗೆ ನಾಲ್ಕು ಹೂ ಬೇಕು. ಮಕ್ಕಳಿಗೆ ಓಡಲು ಜಾಗ ಬೇಕು. ಅಡುಗೆ ಮಾಡುವವರಿಗೆ ಕರಿಬೇವು, ಕೊತ್ತಂಬರಿ, ಗಾಂಧಾರಿ ಮೆಣಸು ಕೈಗೆಟುಕಬೇಕು. ಬಟ್ಟೆ ಒಣಹಾಕುವ ತಂತಿಗೂ ಜಾಗ ಬೇಕು. ಇದನ್ನು ಮರೆತ ತೋಟಗಳೇ ಹೆಚ್ಚು, ಕೊನೆಗೆ ಗುಲಾಬಿ ಗಿಡದ ಮೇಲೆ ಬೆಡ್‌ಶೀಟ್ ಹಾಸುತ್ತಾರೆ.

ದಿನವೂ ಬೇಕಾಗುವುದು ಅಡುಗೆಮನೆ ಬಾಗಿಲಿನಿಂದ ಹತ್ತು ಹೆಜ್ಜೆಯೊಳಗೆ ಇರಲಿ. ಆಟಿ ತಿಂಗಳಿನ (ಜುಲೈ–ಆಗಸ್ಟ್) ಮಳೆಯಲ್ಲಿ ಇಪ್ಪತ್ತು ಹೆಜ್ಜೆ ಆಚೆ ಹೋಗಿ ಯಾರೂ ಸೊಪ್ಪು ಕೊಯ್ಯುವುದಿಲ್ಲ. ಮಡಿಗಳ ಅಗಲ ನಾಲ್ಕು ಅಡಿ ಮೀರದಿದ್ದರೆ ಎರಡೂ ಬದಿಯಿಂದ ಕೈ ಎಟುಕುತ್ತದೆ, ಮಡಿ ತುಳಿಯಬೇಕಾಗಿಲ್ಲ. ಗೋಡೆಗೆ ತಾಗಿದ ಮಡಿಗೆ ಎರಡು ಅಡಿ ಸಾಕು. ದಾರಿ ಎರಡು ಅಡಿ ಇದ್ದರೆ ನಡೆಯಬಹುದು, ತಳ್ಳುಗಾಡಿ ಅಥವಾ ಗಾಲಿಕುರ್ಚಿ ಬರಬೇಕಾದರೆ ಮೂರೂವರೆ ಅಡಿ ಬಿಡಿ.

ನಮ್ಮ ಜಾಗ ಇಳಿಜಾರಿನಲ್ಲಿದೆ. ಜೆಸಿಬಿ ತರಿಸಿ ಸಮತಟ್ಟು ಮಾಡಿಸಿಬಿಡಲೇ?

ದಯವಿಟ್ಟು ಬೇಡ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಏನಾಯಿತು ಎಂದು ಕೊಡಗಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅತಿಯಾದ ಮಳೆಯ ಜೊತೆಗೆ ಬೆಟ್ಟದ ಮೈಯನ್ನು ಲಂಬವಾಗಿ ಕಡಿದದ್ದು ಮತ್ತು ನೀರಿನ ಸಹಜ ದಾರಿಯನ್ನು ಮುಚ್ಚಿದ್ದು ಆ ಕುಸಿತಗಳ ಕಾರಣಗಳಲ್ಲಿ ಸೇರಿದ್ದವು. ಮನೆಯ ಹಿಂದೆ ಎಂಟು ಅಡಿ ನೆಟ್ಟಗೆ ಕಡಿದ ಬರೆ ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುತ್ತದೆ. ನೀರು ಕುಡಿದ ಮೇಲೆ ಅದೇ ಮಣ್ಣು ತನ್ನ ಭಾರ ತಾನೇ ತಾಳದು. ಜೆಸಿಬಿ ಬಾಡಿಗೆಯೂ ನಿಮ್ಮ ತೋಟದ ಇಡೀ ಹಣವನ್ನು ನುಂಗುತ್ತದೆ. ಮೇಲ್ಮಣ್ಣು ಅಡಿಗೆ ಹೋಗಿ ಅಡಿಯ ಜೇಡಿ ಮೇಲಕ್ಕೆ ಬರುತ್ತದೆ, ಅಲ್ಲಿ ಆಮೇಲೆ ಹುಲ್ಲೂ ಸರಿಯಾಗಿ ಏಳುವುದಿಲ್ಲ.

ಇಳಿಜಾರನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ, ಒಂದೊಂದು ಒಂದೂವರೆ ಅಡಿಗಿಂತ ಎತ್ತರವಾಗದಂತೆ ಮಾಡಿಕೊಳ್ಳಿ. ಮೆಟ್ಟಿಲಿನ ಗೆರೆ ಮಟ್ಟಸವಾಗಿರಬೇಕು. ಅದಕ್ಕೆ ಯಂತ್ರ ಬೇಕಿಲ್ಲ. ಆರೇಳು ಅಡಿಯ ಎರಡು ಬಿದಿರು ಗಳುಗಳ ತುದಿಗಳನ್ನು ಸೇರಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಬಿಗಿಯಿರಿ. ಮೇಲಿನ ಗಂಟಿನಿಂದ ದಾರದಲ್ಲಿ ಒಂದು ಕಲ್ಲು ಇಳಿಬಿಡಿ. ಚೌಕಟ್ಟನ್ನು ನೆಲದಲ್ಲಿ ನಿಲ್ಲಿಸಿ ದಾರ ಅಡ್ಡಪಟ್ಟಿಗೆ ತಾಗುವ ಕಡೆ ಗುರುತು ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ, ಅದೇ ಎರಡು ಬಿಂದುಗಳ ಮೇಲೆ ನಿಲ್ಲಿಸಿ ಇನ್ನೊಂದು ಗುರುತು ಹಾಕಿ. ಎರಡು ಗುರುತುಗಳ ನಡುಮಧ್ಯವೇ ಸಮಮಟ್ಟ. ಇನ್ನು ಇಳಿಜಾರಿನ ಒಂದು ತುದಿಯಿಂದ ಹೊರಟು, ದಾರ ಆ ನಡುಗುರುತಿಗೆ ಬರುವಂತೆ ಒಂದೊಂದೇ ಕಾಲು ತಿರುಗಿಸುತ್ತ, ಕಾಲಿಟ್ಟಲ್ಲೆಲ್ಲ ಗೂಟ ಹೊಡೆಯುತ್ತ ಹೋಗಿ. ಹತ್ತು ವರ್ಷದ ಮಗುವೂ ಖುಷಿಯಿಂದ ಮಾಡುವ ಕೆಲಸ ಇದು.

ಮೆಟ್ಟಿಲಿನ ಅಂಚಿಗೆ ಕಲ್ಲು ಪೇರಿಸಿ, ಸಿಮೆಂಟ್ ಹಾಕಬೇಡಿ. ಕಲ್ಲಿನ ಸಂದಿಯಿಂದ ನೀರು ಹೊರಬರಲೇಬೇಕು. ಕಲ್ಲು ಸಿಗದಿದ್ದರೆ ಗೆರೆಯುದ್ದಕ್ಕೂ ಲಾವಂಚದ ಬುಡಗಳನ್ನು ಗೇಣಿಗಿಂತ ಹತ್ತಿರವಾಗಿ ನೆಡಿ. ಅದರ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ. ಕಾಫಿ ತೋಟಗಳಲ್ಲಿ ನೀರು ಇಂಗಲು ತೆಗೆಯುವ ತೊಟ್ಟಿಲು ಗುಂಡಿಯ ಉಪಾಯ ಇಳಿಜಾರು ಕಡಿಮೆ ಇರುವ ಅಂಗಳಕ್ಕೂ ಹೊಂದುತ್ತದೆ. ಆದರೆ ಮನೆಯ ಮೇಲ್ಭಾಗದ ಕಡಿದಾದ ಬರೆಯಲ್ಲಿ ನೀರು ಇಂಗಿಸಲು ಹೋಗಬೇಡಿ. ಅಲ್ಲಿ ನೀರನ್ನು ಅಡ್ಡಚರಂಡಿಯಲ್ಲಿ ಬದಿಗೆ ಸಾಗಿಸುವುದೇ ಸರಿ. ಬರೆಯಲ್ಲಿ ಬಿರುಕು ಕಂಡರೆ, ಹೊಸದಾಗಿ ಕೆಸರು ನೀರು ಒಸರಿದರೆ, ತೋಟದ ವಿಚಾರ ಬಿಟ್ಟು ಪಂಚಾಯಿತಿಗೆ ತಿಳಿಸಿ, ಮನೆಮಂದಿಯನ್ನು ಆ ಬದಿಯ ಕೋಣೆಯಿಂದ ಹೊರತನ್ನಿ.

ಬರೀ ಕೆಂಪು ಮಣ್ಣು. ಏನು ನೆಟ್ಟರೂ ಹಳದಿಯಾಗುತ್ತದೆ. ಏಕೆ?

ಇಲ್ಲಿನ ಮಳೆ ಮಣ್ಣಿನ ಸುಣ್ಣಾಂಶ ಮತ್ತು ಮೆಗ್ನೀಸಿಯಂ ಅನ್ನು ತೊಳೆದು ಹಾಕುತ್ತದೆ, ಉಳಿಯುವುದು ಹುಳಿ ಮಣ್ಣು. ಅದಕ್ಕೆ ಎಷ್ಟು ಗೊಬ್ಬರ ಸುರಿದರೂ ಗಿಡಕ್ಕೆ ದಕ್ಕುವುದು ಅಷ್ಟಕ್ಕಷ್ಟೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಅಂಗಳದ ಏಳೆಂಟು ಕಡೆ ಆರು ಅಂಗುಲ ಆಳದ ಗುಂಡಿ ತೆಗೆದು, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ತೆಳು ಪದರ ಹೆರೆದು, ಎಲ್ಲವನ್ನೂ ಬೆರೆಸಿ ನೆರಳಿನಲ್ಲಿ ಒಣಗಿಸಿ. ಅದರಲ್ಲಿ ಅರ್ಧ ಕಿಲೋ ಸಾಕು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ತರಕಾರಿಗೆ ಮಣ್ಣಿನ ರಸಸಾರ (pH) 6ರಿಂದ 7ರೊಳಗೆ ಇರಬೇಕು. ಹುಳಿ ಹೆಚ್ಚಿದ್ದರೆ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಬೇಕಾಗುತ್ತದೆ. ಪರೀಕ್ಷೆಯ ವರದಿ ಬರುವ ಮೊದಲೇ ಶುರು ಮಾಡಬೇಕೆಂದರೆ ಚದರ ಮೀಟರಿಗೆ 200 ಗ್ರಾಂ ಮೀರಬೇಡಿ. ಸುಣ್ಣವನ್ನೂ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು, ಸಾರಜನಕ ಗಾಳಿಗೆ ಹೋಗುತ್ತದೆ. ಸುಣ್ಣ ಹಾಕಿ ಎರಡು ವಾರ ಬಿಟ್ಟು ಗೊಬ್ಬರ ಕೊಡಿ.

ಗೊಬ್ಬರಕ್ಕೆ ಕೊಡಗಿನಲ್ಲಿ ಬಡತನವಿಲ್ಲ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಇರುವ ತೋಟದಿಂದ ಕಾಫಿ ಸಿಪ್ಪೆ ಸಿಗುತ್ತದೆ. ಕುಶಾಲನಗರದ ಸುತ್ತಲಿನ ಕಾಫಿ ಸಂಸ್ಕರಣಾ ಘಟಕಗಳಲ್ಲೂ ಒಣಸಿಪ್ಪೆಯನ್ನು ವಿಚಾರಿಸಬಹುದು. ಅದರಲ್ಲಿ ಪೊಟ್ಯಾಷ್ ಚೆನ್ನಾಗಿರುತ್ತದೆ, ಆದರೆ ಹಸಿಯಾಗಿ ಬುಡಕ್ಕೆ ಹಾಕಿದರೆ ಕಾವು ಏರಿ ಬೇರು ಸುಡುತ್ತದೆ. ಸಗಣಿ ಗೊಬ್ಬರ, ತರಗೆಲೆ, ಅಡುಗೆಮನೆಯ ಸಿಪ್ಪೆ ಇವುಗಳ ಜೊತೆ ಪದರ ಪದರವಾಗಿ ಹಾಕಿ, ಮೇಲೆ ಮಳೆ ಬೀಳದಂತೆ ಮುಚ್ಚಿ, ಮೂರು–ನಾಲ್ಕು ತಿಂಗಳು ಕೊಳೆಯಲು ಬಿಡಿ. ತಿಂಗಳಿಗೊಮ್ಮೆ ಮಗುಚಿ. ಕೈಯಲ್ಲಿ ಹಿಡಿದರೆ ಬಿಸಿ ತಾಗಬಾರದು, ಕಾಡಿನ ಮಣ್ಣಿನ ವಾಸನೆ ಬರಬೇಕು. ಆಗ ಅದು ಸಿದ್ಧವಾಗಿದೆ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ, ಅದನ್ನು ಗೊಬ್ಬರದ ರಾಶಿಗೆ ಹಾಕದೆ ದಾರಿಯ ಮೇಲೆ, ಗಿಡದ ಬುಡದಲ್ಲಿ ಹೊದಿಕೆಯಾಗಿ ಬಳಸಿ. ಹಾಲುವಾಣದ ಎಲೆ ಕೆಲವೇ ವಾರಗಳಲ್ಲಿ ಕರಗುತ್ತದೆ.

ಕಾಡಿನಿಂದ ಮೇಲ್ಮಣ್ಣು ತಂದು ಕೊಡುತ್ತೇವೆ ಎಂದು ಟ್ರ್ಯಾಕ್ಟರಿನವರು ಬಂದರೆ ಒಪ್ಪಬೇಡಿ. ಅದು ಕಾಡಿನ ಮೈಯಿಂದ ಕಿತ್ತ ಚರ್ಮ.

ಏರುಮಡಿಗೆ ಅಂಚು ಕಟ್ಟಲು ಇಟ್ಟಿಗೆ ದುಬಾರಿ. ಬೇರೆ ದಾರಿ?

ಹಳೆಯ ಮಂಗಳೂರು ಹಂಚು. ಹೆಂಚಿನ ಮನೆ ಇಳಿಸಿ ತಾರಸಿ ಕಟ್ಟಿದವರ ಹಿತ್ತಲಿನಲ್ಲಿ ರಾಶಿ ಬಿದ್ದಿರುತ್ತದೆ. ಮೂರನೆಯ ಒಂದು ಭಾಗ ಮಣ್ಣಿನೊಳಗೆ ಇಳಿಯುವಂತೆ ನಿಲ್ಲಿಸಿ ಹೂಳಿದರೆ ವರ್ಷಗಟ್ಟಲೆ ಬಾಳುತ್ತದೆ. ಅಡಿಕೆ ದಬ್ಬೆಯೂ ಒಳ್ಳೆಯದೇ, ಆದರೆ ಈ ತೇವದಲ್ಲಿ ಬೇಗ ಕೊಳೆತು ಲಡ್ಡಾಗುತ್ತದೆ. ಮಡಿ ನೆಲದಿಂದ ಒಂದು ಅಡಿಯಾದರೂ ಎತ್ತರವಿರಲಿ.

ಗಿಡಗಳನ್ನು ಕಡಿಮೆ ಖರ್ಚಿನಲ್ಲಿ ಎಲ್ಲಿಂದ ತರಲಿ?

ಅರ್ಧಕ್ಕಿಂತ ಹೆಚ್ಚು ಗಿಡಗಳನ್ನು ನೆರೆಹೊರೆಯಿಂದಲೇ ತರಬಹುದು. ಕೊಡಗಿನಲ್ಲಿ ಮನೆಗೆ ಬಂದವರು ಹೊರಡುವಾಗ ಒಂದು ಕಡ್ಡಿ ಮುರಿದು ಕೊಡುವ ಪದ್ಧತಿ ಇನ್ನೂ ಇದೆ. ಸಂಕೋಚಪಡದೆ ಕೇಳಿ, ನಿಮ್ಮಲ್ಲಿ ಚಿಗುರಿದ್ದನ್ನು ಮುಂದಿನ ವರ್ಷ ಕೊಡಿ. ದಾಸವಾಳ, ಹೈಡ್ರೇಂಜಿಯಾ, ಬಿಗೋನಿಯಾ, ಬಸಳೆ, ದೊಡ್ಡಪತ್ರೆ, ಮದ್ದುಸೊಪ್ಪು ಇವೆಲ್ಲ ಕಡ್ಡಿಯಿಂದ ಬರುತ್ತವೆ. ಡೇಲಿಯಾ ಗೆಡ್ಡೆಯಿಂದ, ಆಂಥೂರಿಯಂ ಮರಿಯಿಂದ, ಸೀಮೆಬದನೆ ಮೊಳಕೆಯೊಡೆದ ಇಡೀ ಕಾಯಿಯಿಂದ.

ಕಡ್ಡಿ ನೆಡಲು ಜೂನ್ ಮೊದಲ ವಾರಗಳೇ ಸೂಕ್ತ. ಪೆನ್ಸಿಲ್ ದಪ್ಪದ, ಗೇಣುದ್ದದ, ಮೂರು ಗಿಣ್ಣುಗಳಿರುವ ತುಂಡನ್ನು ಆರಿಸಿ. ಕೆಳಗಿನ ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ಏಕೆಂದರೆ ಬೇರು ಹೊರಡುವುದು ಹೆಚ್ಚಾಗಿ ಗಿಣ್ಣಿನಿಂದಲೇ. ಕೆಳಗಿನ ಎಲೆಗಳನ್ನು ತೆಗೆದು, ತುದಿಯ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಬಿಡಿ. ಎಲೆ ದೊಡ್ಡದಿದ್ದರೆ ಬೇರಿಲ್ಲದ ಕಡ್ಡಿಯಿಂದ ನೀರು ಹಾರಿಹೋಗಿ ಅದು ಬಾಡುತ್ತದೆ. ಅರ್ಧ ಮರಳು, ಅರ್ಧ ಮಣ್ಣು ತುಂಬಿದ ಹಾಲಿನ ಪೊಟ್ಟಣಕ್ಕೆ ತೂತು ಮಾಡಿ, ಎರಡು ಗಿಣ್ಣು ಒಳಗಿರುವಂತೆ ನೆಟ್ಟು, ಸೂರಿನ ಹನಿ ಬೀಳದ ನೆರಳಿನಲ್ಲಿಡಿ. ಬೇರು ಬಂದಿದೆಯೇ ಎಂದು ಕಿತ್ತು ನೋಡುವ ಆಸೆ ಎಲ್ಲರಿಗೂ ಬರುತ್ತದೆ, ಕೀಳಬೇಡಿ. ಮೆಲ್ಲಗೆ ಎಳೆದರೆ ಬಿಗಿ ಹಿಡಿದರೆ ಸಾಕು.

ಹಣ ಕೊಟ್ಟು ತರಬೇಕಾದ್ದು ಕಸಿ ಕಟ್ಟಿದ ಹಣ್ಣಿನ ಗಿಡಗಳನ್ನು ಮಾತ್ರ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಂಥ ನಂಬಿಕೆಯ ಕಡೆಯಿಂದ ತನ್ನಿ. ಸಂತೆಯಲ್ಲಿ ಲಾರಿಯಿಂದ ಇಳಿಯುವ ಗಿಡದ ತಾಯಿ ಯಾವುದು ಎಂದು ತಿಳಿಯಲು ದಾರಿಯಿಲ್ಲ. ಹಣ್ಣು ಬಿಡುವವರೆಗೆ ಕಾದು ನಿರಾಶರಾಗುವುದು ಹಣ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ.

ಒಂದೂವರೆ ಸೆಂಟಿನಲ್ಲಿ ಕಿತ್ತಳೆ, ಬೆಣ್ಣೆಹಣ್ಣು, ಹಲಸು ಎಲ್ಲವೂ ಬೇಕು ಎಂದು ಮನೆಯವರ ಆಸೆ.

ಆಸೆ ಸಹಜ. ಆದರೆ ಹಲಸು ಬೇಡವೇ ಬೇಡ. ಬೆಣ್ಣೆಹಣ್ಣಿನ ಮರ ಇಪ್ಪತ್ತು ಅಡಿ ಹರಡುತ್ತದೆ, ಅದರ ಬೇರು ನೀರು ನಿಂತರೆ ಕೊಳೆಯುತ್ತದೆ. ಅದನ್ನು ನೆಟ್ಟರೆ ಉಳಿದ ತೋಟವೆಲ್ಲ ಅದರ ನೆರಳಿಗೆ ಹೋಯಿತು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ನಮ್ಮ ಮಣ್ಣಿನ ಹಣ್ಣು ಅದು, ಹಿತ್ತಲಿನಲ್ಲಿ ಒಂದು ಇರಲಿ ಎಂಬ ಮನಸ್ಸನ್ನು ನಾನು ತಡೆಯುವುದಿಲ್ಲ. ಆದರೆ ಸಿಟ್ರಸ್ ಗ್ರೀನಿಂಗ್ ರೋಗ ಇಲ್ಲಿನ ಕಿತ್ತಳೆಯನ್ನು ಬಹಳ ಕಾಡಿದೆ. ಕಣ್ಣುಕಸಿಯ ರೋಗರಹಿತ ಗಿಡವನ್ನೇ ತರಬೇಕು, ಹೊಸ ಚಿಗುರಿನಲ್ಲಿ ಜಿಗಿಹೇನು ಕೂರದಂತೆ ನೋಡಿಕೊಳ್ಳಬೇಕು, ಬುಡವನ್ನು ದಿಬ್ಬದ ಮೇಲಿರಿಸಬೇಕು.

ನನ್ನನ್ನು ಕೇಳಿದರೆ, ಚಿಕ್ಕ ಅಂಗಳಕ್ಕೆ ಒಂದು ನಿಂಬೆ ಅಥವಾ ಒಂದು ಕಿತ್ತಳೆ, ಒಂದು ಸೀಬೆ, ಬೇಲಿಯ ಮೇಲೆ ಪ್ಯಾಶನ್ ಫ್ರೂಟ್, ಕುಂಡದಲ್ಲಿ ಎರಡು ಪೊದೆ ಮೆಣಸು (ಕರಿಮೆಣಸು). ಇಷ್ಟು ಸಾಕು. ಪ್ಯಾಶನ್ ಫ್ರೂಟಿನ ‘ಕಾವೇರಿ’ ತಳಿ ಚೆಟ್ಟಳ್ಳಿಯಲ್ಲೇ ಹುಟ್ಟಿದ್ದು. ಬಳ್ಳಿ ವರ್ಷದೊಳಗೆ ಕಾಯಿ ಕೊಡಲು ಶುರುಮಾಡುತ್ತದೆ, ಮಕ್ಕಳಿಗೆ ಅಷ್ಟು ಬೇಗ ಹಣ್ಣು ತೋರಿಸುವ ಗಿಡ ಬೇರೆ ಹೆಚ್ಚಿಲ್ಲ. ಪೊದೆ ಮೆಣಸು ಮರಕ್ಕೆ ಹಬ್ಬುವುದಿಲ್ಲ, ಕಾಯಿ ಬಿಡುವ ಪಕ್ಕದ ರೆಂಬೆಯಿಂದ ಮಾಡಿದ ಗಿಡ ಅದು. ಮನೆಯ ಸಾರಿಗೆ ಬೇಕಾಗುವ ಮೆಣಸು ಎರಡು–ಮೂರು ಕುಂಡದಲ್ಲೇ ಸಿಗುತ್ತದೆ.

ಮಳೆಗಾಲದಲ್ಲಿ ತರಕಾರಿ ಬೆಳೆಯಲು ಆಗುವುದೇ ಇಲ್ಲವೇ?

ಟೊಮೇಟೊ, ಕೋಸು, ಕೊತ್ತಂಬರಿ ಆಗುವುದಿಲ್ಲ. ಅವುಗಳ ಹಿಂದೆ ಬಿದ್ದು ಮನಸ್ಸು ಕೆಡಿಸಿಕೊಳ್ಳಬೇಡಿ. ಮೊದಲ ಮಳೆಗೆ, ಏಪ್ರಿಲ್–ಮೇ ಹೊತ್ತಿಗೆ, ಶುಂಠಿ, ಅರಿಶಿನ, ಕೆಸು, ಸುವರ್ಣಗೆಡ್ಡೆ ನೆಡಿ. ಸೌತೆ, ಹೀರೆ, ಹಾಗಲದ ಬೀಜವನ್ನು ಮೇ ಮಧ್ಯದೊಳಗೆ ಊರಿ, ಜೂನ್ ಮಳೆ ಹಿಡಿಯುವ ಮೊದಲು ಬಳ್ಳಿ ಚಪ್ಪರಕ್ಕೆ ಏರಿರಬೇಕು. ಆಟಿಯ ಕತ್ತಲೆ ಮಳೆಯಲ್ಲಿ ಬೀಜ ಹಾಕುವುದು ವ್ಯರ್ಥ, ಮೊಳಕೆಯೇ ಕೊಳೆಯುತ್ತದೆ. ಆಗ ಕೆಸು, ಬಸಳೆ, ಸೀಮೆಬದನೆಯ ಚಿಗುರು ಮನೆ ನಡೆಸುತ್ತವೆ.

ನಿಜವಾದ ತರಕಾರಿ ಕಾಲ ಶುರುವಾಗುವುದು ಕೈಲುಮುಹೂರ್ತ ಮುಗಿದ ಮೇಲೆ. ಸೆಪ್ಟೆಂಬರಿನಲ್ಲಿ ಸೂರಿನಡಿ ತಟ್ಟೆಗಳಲ್ಲಿ ಕೋಸು, ನವಿಲುಕೋಸು, ಟೊಮೇಟೊ ಸಸಿ ಎಬ್ಬಿಸಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೆ ನಾಟಿ ಮಾಡಿ, ಮೂಲಂಗಿ, ಕ್ಯಾರೆಟ್, ಬೀನ್ಸ್, ಬಟಾಣಿಯನ್ನು ನೇರವಾಗಿ ಬಿತ್ತಿ. ಹುತ್ತರಿಯ ಹೊತ್ತಿಗೆ ಮೂಲಂಗಿ, ಆಮೇಲೆ ಬೀನ್ಸ್ ಕೈಗೆ ಬರುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಇಲ್ಲಿನ ಚಳಿಯೂ ಬಿಸಿಲೂ ಇಂಥ ತರಕಾರಿಗೆ ಹೇಳಿ ಮಾಡಿಸಿದ ಹವೆ. ಬಯಲಿನವರಿಗೆ ಇಲ್ಲದ ಭಾಗ್ಯ ಇದು.

ಎಲೆಚುಕ್ಕೆ, ಕೊಳೆರೋಗ ಬರುವ ಮೊದಲೇ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಹತ್ತು ಲೀಟರಿಗೆ ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಆಮೇಲೆ ಬೆರೆಸಿ, ಅದೇ ದಿನ ಮುಗಿಸಿ. ಸೊಪ್ಪಿಗೆ ಇದನ್ನು ಹೊಡೆಯಬೇಡಿ.

ಮಕ್ಕಳಿಗಾಗಿ ಲಾನ್ ಹಾಕಬೇಕೆಂದಿದ್ದೇವೆ.

ಹಾಸಿ ಮಾರುವ ಹುಲ್ಲು ದುಬಾರಿ, ನೆರಳಿನಲ್ಲಿ ಬೋಳಾಗುತ್ತದೆ, ಮಳೆಯಲ್ಲಿ ಪಾಚಿ ಹಿಡಿಯುತ್ತದೆ. ತಾನಾಗಿಯೇ ಬರುವ ಊರ ಹುಲ್ಲನ್ನು ಆಗಾಗ ಕತ್ತರಿಸಿ ಗಿಡ್ಡವಾಗಿಟ್ಟರೆ ಒಂದೆರಡು ವರ್ಷದಲ್ಲಿ ಅದೇ ಹಾಸಿಗೆಯಾಗುತ್ತದೆ. ಹುಲ್ಲು ಗಿಡ್ಡವಿದ್ದರೆ ಜಿಗಣೆಯೂ ಕಡಿಮೆ, ಹಾವಿದ್ದರೆ ಕಣ್ಣಿಗೂ ಬೀಳುತ್ತದೆ.

ದಾರಿ ಪಾಚಿ ಹಿಡಿದು ಜಾರುತ್ತದೆ. ಮನೆಯಲ್ಲಿ ಹಿರಿಯರಿದ್ದಾರೆ.

ನುಣ್ಣನೆಯ ಟೈಲ್ಸ್ ಮತ್ತು ಸಿಮೆಂಟ್ ಗಾರೆ ಇಲ್ಲಿನ ಮಳೆಗೆ ಅಪಾಯಕಾರಿ. ಹಿರಿಯರು ಓಡಾಡುವ ದಾರಿಗೆ ಒರಟು ಮೈಯ ಕಲ್ಲುಚಪ್ಪಡಿ ಅಥವಾ ಒತ್ತಿ ಕೂರಿಸಿದ ಜಲ್ಲಿ ಹಾಕಿ, ಎರಡೂ ಬದಿಗೆ ನೀರು ಹರಿಯುವಂತೆ ನಡುವೆ ಸ್ವಲ್ಪ ಉಬ್ಬಿಸಿ. ಮೇಲಿನ ಒಂದೆರಡು ರೆಂಬೆ ತೆಗೆದು ಬೆಳಕು ಬಿದ್ದರೆ ಪಾಚಿ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಮೆಟ್ಟಿಲಿದ್ದಲ್ಲಿ ಹಿಡಿಕೆ ಹಾಕಿಸಿ. ಬಜೆಟ್ಟಿನಲ್ಲಿ ಏನನ್ನು ಬಿಟ್ಟರೂ ಇದನ್ನು ಬಿಡಬಾರದು.

ಬೇಲಿ ಹೇಗಿರಬೇಕು? ಕಾಡುಹಂದಿ, ಕೋತಿ ಬರುತ್ತವೆ.

ಜೀವಂತ ಬೇಲಿಯೇ ಅಗ್ಗ. ಹಾಲುವಾಣ ಅಥವಾ ಗ್ಲಿರಿಸಿಡಿಯಾದ ಗೂಟಗಳನ್ನು ಮಳೆ ಶುರುವಾಗುವಾಗ ನೆಟ್ಟರೆ ಚಿಗುರುತ್ತವೆ, ಸೊಪ್ಪು ಗೊಬ್ಬರಕ್ಕಾಗುತ್ತದೆ. ಹಂದಿಗೆ ಕೆಳಗಿನ ಎರಡು ಅಡಿ ಬಲವಾಗಿರಬೇಕು, ಅಲ್ಲಿ ಕಲ್ಲು ಅಥವಾ ಬಿದಿರು ದಬ್ಬೆ ಕಟ್ಟಿ. ಕೋತಿಗೆ ಬೇಲಿ ಲೆಕ್ಕಕ್ಕಿಲ್ಲ. ಅದು ಅಷ್ಟಾಗಿ ಮುಟ್ಟದ ಶುಂಠಿ, ಅರಿಶಿನ, ಕೆಸುವನ್ನು ಹೊರಬದಿಗೆ, ಬೀನ್ಸ್ ಮತ್ತು ಹಣ್ಣನ್ನು ಮನೆಯ ಹತ್ತಿರಕ್ಕೆ ಇಡಿ.

ಸಿದ್ದಾಪುರ, ಮಾಲ್ದಾರೆ, ತಿತಿಮತಿಯಂಥ ಆನೆ ಓಡಾಡುವ ಕಡೆ ಬಾಳೆ ನೆಡಬೇಡಿ, ಹಲಸು ಇದ್ದರೆ ಹಣ್ಣಾಗುವ ಮೊದಲೇ ಕಾಯಿ ಇಳಿಸಿ. ಆನೆ ಹಣ್ಣಿನ ವಾಸನೆ ಹಿಡಿದು ಅಂಗಳಕ್ಕೇ ಬರುತ್ತದೆ. ಯಾವ ಕಾರಣಕ್ಕೂ ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಬೇಲಿಗೆ ಕೊಡಬೇಡಿ. ಅದು ಅಪರಾಧ, ಆನೆಯಷ್ಟೇ ಅಲ್ಲ, ಪಕ್ಕದ ಮನೆಯ ಮಗುವೂ ಸಾಯಬಹುದು.

ರಾತ್ರೋರಾತ್ರಿ ಸಸಿಗಳೆಲ್ಲ ಮಾಯವಾಗುತ್ತವೆ.

ಬಸವನಹುಳು ಅಥವಾ ಚಿಪ್ಪಿಲ್ಲದ ಸಿಂಬಳದ ಹುಳು. ಶನಿವಾರಸಂತೆಯ ಕಡೆ ಆಫ್ರಿಕನ್ ದೈತ್ಯ ಬಸವನಹುಳುವಿನ ಕಾಟ ಕಾಫಿ ತೋಟಗಳಲ್ಲೂ ಇದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಎಲೆ ಇಡಿ, ಬೆಳಗ್ಗೆ ಅಡಿಯಲ್ಲಿ ಸೇರಿರುವುದನ್ನು ಆರಿಸಿ ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಅವು ಮನುಷ್ಯರಿಗೆ ಅಂಟುವ ಹುಳುಗಳನ್ನು ಹೊತ್ತಿರಬಹುದು. ಮಕ್ಕಳಿಗೂ ಹೇಳಿಕೊಡಿ, ಸೊಪ್ಪನ್ನು ಚೆನ್ನಾಗಿ ತೊಳೆಯಿರಿ.

ಮದ್ದುಸೊಪ್ಪನ್ನು ಮನೆಯಲ್ಲೇ ಬೆಳೆಸಬಹುದೇ?

ಖಂಡಿತ. ಇದಕ್ಕಿಂತ ಸುಲಭದ ಗಿಡ ಕಡಿಮೆ. ಬೇರೆ ಏನೂ ಬಾರದ ನೆರಳಿನ ಮೂಲೆ ಇದ್ದರೆ ಅಲ್ಲಿ ಇದರ ಕಡ್ಡಿಗಳನ್ನು ಒಂದು ಅಡಿ ಅಂತರದಲ್ಲಿ ಚುಚ್ಚಿ. ಕೊಡವರ ಕಕ್ಕಡ ತಿಂಗಳಿನ ಹದಿನೆಂಟರ ದಿನ, ಆಗಸ್ಟ್ 3ರ ಸುಮಾರಿಗೆ, ಎಲೆ–ಕಾಂಡ ಕುದಿಸಿದ ನೇರಳೆ ರಸದಲ್ಲಿ ಪಾಯಸ ಮಾಡುವ ಮನೆಗಳಿಗೆ ಈ ಸೊಪ್ಪು ಬೇಕೇ ಬೇಕು. ಆ ಹೊತ್ತಿಗೆ ಅದಕ್ಕೆ ಹದಿನೆಂಟು ಮದ್ದಿನ ಗುಣ ಸೇರಿರುತ್ತದೆ ಎಂಬ ನಂಬಿಕೆ. ಕೊಯ್ದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೀರಿಲ್ಲ. ಏನು ಮಾಡಲಿ?

ಆರು ತಿಂಗಳು ಮಳೆಯಲ್ಲಿ ನೆನೆದು ಮೂರು ತಿಂಗಳು ನೀರಿಗೆ ಪರದಾಡುವುದು ಇಲ್ಲಿನ ಎಷ್ಟೋ ಮನೆಗಳ ಪಾಡು. ಮಳೆ ನಿಲ್ಲುತ್ತಿದ್ದಂತೆ, ಮಣ್ಣು ಇನ್ನೂ ತೇವವಿರುವಾಗಲೇ, ಮಡಿಗಳಿಗೂ ಗಿಡದ ಬುಡಕ್ಕೂ ನಾಲ್ಕು ಅಂಗುಲ ತರಗೆಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಬೇಸಿಗೆಯಲ್ಲಿ ತರಕಾರಿ ಮಡಿಗಳನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ, ಉಳಿದುದನ್ನು ಹೊದಿಸಿ ಬಿಡಿ. ಸ್ನಾನದ ನೀರನ್ನು ಬಾಳೆಗೆ, ಕೆಸುವಿಗೆ ತಿರುಗಿಸಬಹುದು, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಸೂರಿನಡಿ 200 ಲೀಟರಿನ ಡ್ರಮ್ ಇಟ್ಟರೆ ಹೂಮಳೆಯ ಒಂದೇ ಸುರಿತಕ್ಕೆ ತುಂಬುತ್ತದೆ. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಬಟ್ಟೆ ಬಿಗಿಯಿರಿ.

ನಮ್ಮದು ಬಾಡಿಗೆ ಮನೆ. ನೆಲ ಅಗೆಯಲು ಮಾಲೀಕರು ಬಿಡುವುದಿಲ್ಲ.

ಹಳೆಯ ಪೇಂಟ್ ಡಬ್ಬಿ, ಗೊಬ್ಬರದ ಚೀಲ, ಒಡೆದ ಬಕೆಟ್ ಸಾಕು. ತಳದಲ್ಲಿ ಐದಾರು ತೂತು ಮಾಡಿ, ಇಟ್ಟಿಗೆಯ ಮೇಲೆ ಎತ್ತಿಡಿ. ಮಳೆಗಾಲದಲ್ಲಿ ಸೂರಿನೊಳಕ್ಕೆ ಸರಿಸಿ. ಪೊದೆ ಮೆಣಸು, ಗಾಂಧಾರಿ ಮೆಣಸು, ಪುದೀನ, ಆಂಥೂರಿಯಂ, ಇಷ್ಟಕ್ಕೆ ವರಾಂಡದ ಅಂಚು ಸಾಲುತ್ತದೆ. ಮನೆ ಬದಲಿಸುವಾಗ ತೋಟವೂ ಜೊತೆಗೆ ಬರುತ್ತದೆ.

ಊಟಿಯಿಂದ ತಂದ ಗುಲಾಬಿ ಬಣ್ಣದ ಹೈಡ್ರೇಂಜಿಯಾ ನಮ್ಮ ಮನೆಯಲ್ಲಿ ನೀಲಿಯಾಯಿತು. ರೋಗವೇ?

ಅಲ್ಲ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಗಿಡಕ್ಕೆ ಸುಲಭವಾಗಿ ಸಿಗುವುದರಿಂದ ಹೂ ನೀಲಿಗೆ ತಿರುಗುತ್ತದೆ. ಮತ್ತೆ ಗುಲಾಬಿ ಬಣ್ಣವೇ ಬೇಕೆಂದರೆ ಕುಂಡದಲ್ಲಿಟ್ಟು ಮಣ್ಣಿಗೆ ಸ್ವಲ್ಪ ಸ್ವಲ್ಪವಾಗಿ ಸುಣ್ಣ ಕೊಡುತ್ತ ಬನ್ನಿ. ಬದಲಾವಣೆ ಕಾಣುವುದು ಮುಂದಿನ ಹೂವಿನ ಕಾಲಕ್ಕೆ. ಬಿಳಿ ಹೂವಿನ ಗಿಡಕ್ಕೆ ಈ ಉಪಾಯ ನಡೆಯುವುದಿಲ್ಲ.